ಗಂಡಸರಿಗೂ ಒಡಪು

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಮೊದಲಿದ್ದ ಹೆಸರು ‘ಅಣ್ಣತಮ್ಮಂದಿರ ಬಳಗ’. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕು ದಾಟಿ ನಮ್ಮವರು ಹೆಣ್ಣು ಕೊಟ್ಟದ್ದೂ ಇಲ್ಲ, ತಂದದ್ದೂ ಇಲ್ಲ. ಹೀಗಾಗಿ ಗ್ರೂಪಿನಲ್ಲಿ ಯಾರಿಗೆ ಬೈದರೂ ಅದು ತಿರುಗಿ ನಮ್ಮ ಮನೆಗೇ ಬರುತ್ತದೆ. ನಾನು ಹಾನಗಲ್ಲಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಬಾಯಿ ಸ್ವಲ್ಪ ಜೋರು. ಇಷ್ಟು ಹೇಳಿದರೆ ಮುಂದಿನದ್ದಕ್ಕೆಲ್ಲ ಯಾರು ಕಾರಣ ಎಂದು ಬೇರೆ ಹೇಳಬೇಕಾಗಿಲ್ಲ.

ಗ್ರೂಪಿನ ಅಡ್ಮಿನ್ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ. ಶಿಗ್ಗಾಂವಿಯಲ್ಲಿ ಮನೆ. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಗ್ರೂಪನ್ನೂ ಬಸ್ಸಿನ ಹಾಗೆಯೇ ನಡೆಸುತ್ತಿದ್ದರು. ಹೊಸಬರು ಬಂದರೆ ‘ಒಳಗ ಸರೀರಿ’ ಎಂದು ಬರೆಯುತ್ತಿದ್ದರು. ಯಾರಾದರೂ ರಾಜಕೀಯ ಎತ್ತಿದರೆ ‘ಮುಂದಿನ ಸ್ಟಾಪಿಗೆ ಇಳಸ್ತೇನಿ’ ಎನ್ನುತ್ತಿದ್ದರು, ಇಳಿಸಿಯೂ ಬಿಡುತ್ತಿದ್ದರು. ಇಳಿದವರು ಮರುದಿನ ಮತ್ತೆ ಹತ್ತುತ್ತಿದ್ದರು.

ಒಮ್ಮೆ ಅವರು ಹೀಗೆ ಹಾಕಿದರು: ‘ರವಿವಾರ ನಮ್ಮನ್ಯಾಗ ಮನೆದೇವರ ಪೂಜೆ. ಎಲ್ಲ ಅಣ್ಣತಮ್ಮಂದಿರು ತಪ್ಪದೆ ಬರಬೇಕು. ಹೆಣ್ಣುಮಕ್ಕಳು ಹೋಳಿಗಿ ಕಣಕ ನಾದಾಕ ನಸುಕಿನ್ಯಾಗ ಬರಬೇಕು.’ ನಾನು ಆಗ ಒಂದು ಜಂಪರಿನ ಗುಂಡಿಗೆ ಕಾಜಾ ಹಾಕುತ್ತ ಕೂತಿದ್ದೆ. ಸೂಜಿ ಬೆರಳಿಗೆ ಚುಚ್ಚಿಕೊಂಡಿತು. ಗ್ರೂಪು ಶುರುವಾದಾಗಿನಿಂದ ಹೆಣ್ಣುಮಕ್ಕಳು ಎಂಬ ಶಬ್ದ ಅದರೊಳಗೆ ಬಂದದ್ದು ಅದೇ ಮೊದಲು, ಬಂದದ್ದೂ ಕಣಕ ನಾದಲಿಕ್ಕೆ. ಬೆರಳು ಬಾಯಲ್ಲಿಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಬರೆದೆ: ‘ಕಾಕಾ, ಗ್ರೂಪ್ ಅಣ್ಣತಮ್ಮಂದಿರದ ಐತಿ. ಕಣಕಾನೂ ಅಣ್ಣತಮ್ಮಂದಿರ ನಾದ್ಲಿ.’

ಆಮೇಲೆ ಒಬ್ಬೊಬ್ಬರೇ ಅತ್ತೆಯರು, ವೈನಿ ಎಂದು ನಾವು ಕರೆಯುವ ಅತ್ತಿಗೆಯರು, ಸೊಸೆಯರು ಹೆಬ್ಬೆರಳು ಎತ್ತತೊಡಗಿದರು. ಗ್ರೂಪಿನಲ್ಲಿ ಇಷ್ಟೊಂದು ಬಳೆಯ ಕೈಗಳಿವೆ ಎಂದು ಗಂಡಸರಿಗೆ ಗೊತ್ತಾದದ್ದೇ ಆವಾಗ.

ರವಿವಾರ ನಾವೆಲ್ಲ ಊಟದ ಹೊತ್ತಿಗೆ ಸರಿಯಾಗಿ ಹೋಗಿ ಪಡಸಾಲೆಯಲ್ಲಿ ಕುಳಿತೆವು. ಒಳಗೆ ಗಂಡಸರು ಧೋತರ ಎತ್ತಿಕಟ್ಟಿ ಒಲೆಯ ಮುಂದೆ ಒದ್ದಾಡುತ್ತಿದ್ದರು. ಹೋಳಿಗೆಯನ್ನೇನೋ ಮಾಡಿದರು. ಒಂದು ಹಾನಗಲ್ಲ ತಾಲೂಕಿನ ನಕಾಶೆ ಇದ್ದಂತೆ ಇತ್ತು, ಇನ್ನೊಂದು ಸವಣೂರಿನದು, ಹೂರಣ ಗಡಿ ದಾಟಿ ಹೊರಗೆ ಬಂದಿತ್ತು. ನಮ್ಮ ಸೋದರತ್ತೆ ಒಂದು ತುತ್ತು ಬಾಯಿಗಿಟ್ಟು, “ದೇವರಿಗೆ ನೈವೇದ್ಯ ಆತೇನು? ಆತಾ? ಪಾಪ ದೇವರು” ಅಂದಳು. ಕಾಕಾನ ಮುಖ ಹೂರಣದ ಬಣ್ಣಕ್ಕೆ ತಿರುಗಿತು.

ಊಟವಾದ ಮೇಲೆ ಕಾಕಾ ಎದ್ದುನಿಂತು, ಇನ್ನು ಮುಂದೆ ಗ್ರೂಪಿನಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲದ ಭಾಷೆ ಬಳಸತಕ್ಕದ್ದು ಎಂದು ಸಾರಿದರು. ಅದಕ್ಕಾಗಿ ಒಂದು ಕಮಿಟಿ ಮಾಡಿದರು. ಕಮಿಟಿಯಲ್ಲಿ ಎಲ್ಲರೂ ಗಂಡಸರು. ಯಾಕೆ ಎಂದು ಕೇಳಿದರೆ, ಹೆಣ್ಣುಮಕ್ಕಳು ಪಾತ್ರೆ ತೊಳೆಯುವುದಿದೆಯಲ್ಲ ಅಂದರು. ನಾನು ಮತ್ತೆ ಬಾಯಿ ತೆಗೆಯುವವಳಿದ್ದೆ, ಕಾಕಾನ ಹೆಂಡತಿ, ನಮ್ಮ ಕಾಕಿ, ನನ್ನ ಸೆರಗು ಹಿಡಿದು ಜಗ್ಗಿದಳು.

ಕಮಿಟಿ ಮೊದಲು ಗ್ರೂಪಿನ ಹೆಸರಿಗೆ ಕೈಹಾಕಿತು. ‘ಅಣ್ಣ ತಮ್ಮ ಅಕ್ಕ ತಂಗಿ’ ಎಂದು ಇಡೋಣವೆಂದರೆ ವೈನಿಯರು, ನಾವು ಯಾರ ಅಕ್ಕನೂ ಅಲ್ಲ ತಂಗಿಯೂ ಅಲ್ಲ ಅಂದರು. ವೈನಿ ಸೇರಿತು. ಅಳಿಯಂದಿರು ಬಿಟ್ಟಾರೆಯೇ, ಅಳಿಯ ಸೇರಿತು. ಅಳಿಯ ಬಂದಮೇಲೆ ಸೊಸೆ, ಸೊಸೆ ಬಂದಮೇಲೆ ಅತ್ತೆ, ಅತ್ತೆ ಬಂದಮೇಲೆ ಮಾವ. ‘ಅಣ್ಣ ತಮ್ಮ ಅಕ್ಕ ತಂಗಿ ವೈನಿ ಅಳಿಯ ಸೊಸೆ ಅತ್ತೆ ಮಾವ ಕಾಕಾ’ ಎಂದು ಬರೆಯುತ್ತ ಹೋದಂತೆ ಒಂದು ಕಡೆ ಫೋನು, ಇನ್ನು ಸಾಕು, ಇದಕ್ಕಿಂತ ಹೆಚ್ಚು ಅಕ್ಷರ ಹಿಡಿಯುವುದಿಲ್ಲ ಎಂದು ನಿಂತುಬಿಟ್ಟಿತು. ಕಾಕಿ ಹೊರಗುಳಿದಳು. ಕಾಕಾ, “ಅದಕ್ಕ ನಾ ಏನ ಮಾಡ್ಲಿ, ಸೀಟ್ ಭರ್ತಿ ಆದವು” ಅಂದರು. ಕೊನೆಗೆ ಬೇಸತ್ತು ಗ್ರೂಪಿಗೆ ‘ಎಲ್ಲಾರೂ’ ಎಂದು ಹೆಸರಿಟ್ಟರು. ಒಳ್ಳೆಯ ಹೆಸರೇ ಎಂದು ನಾನೂ ಒಪ್ಪಿದೆ.

ಭೇದವಿಲ್ಲದ ಭಾಷೆ ಜಾರಿಗೆ ಬಂದ ಮೇಲೆ ನಮ್ಮ ಮನೆತನದಲ್ಲಿ ಯಾರಿಗೂ ಯಾವುದೂ ತಿಳಿಯದಂತಾಯಿತು. ಹಾನಗಲ್ಲಿನ ನಮ್ಮ ವೈನಿ ಹೆತ್ತಾಗ ಅಣ್ಣ ಗ್ರೂಪಿನಲ್ಲಿ, ‘ಕೂಸು ಹುಟ್ಟೈತಿ. ನಿಯಮದ ಪ್ರಕಾರ ಏನು ಅಂತ ಹೇಳೂದಿಲ್ಲ’ ಎಂದು ಹಾಕಿದ. ಹಿರೇಕೆರೂರಿನ ಸೋದರತ್ತೆಗೆ ಊಟ ಸೇರಲಿಲ್ಲ. ಮರುದಿನವೇ ಬಸ್ಸು ಹತ್ತಿ ಬಂದು, ಕೂಸಿನ ದುಪ್ಪಟಿ ಎತ್ತಿ ನೋಡಿ, ನಿಟ್ಟುಸಿರು ಬಿಟ್ಟು, ಚಹಾ ಕುಡಿದು ಅದೇ ಬಸ್ಸಿಗೆ ತಿರುಗಿ ಹೋದಳು. ಏನು ಕೂಸು ಎಂದು ಉಳಿದವರು ಕೇಳಿದರೆ ಹೇಳಲಿಲ್ಲ. ಬಸ್ ಖರ್ಚು ಹಾಕಿ ನೋಡಿ ಬಂದದ್ದನ್ನು ಬಿಟ್ಟಿ ಯಾಕೆ ಹೇಳಲಿ ಅಂದಳು.

ಎಲ್ಲರಿಗಿಂತ ಹೆಚ್ಚು ನಿಯಮ ಪಾಲಿಸಿದವನು ಯಲವಿಗಿಯ ಅಣ್ಣ, ನಮ್ಮ ದೊಡ್ಡಪ್ಪನ ಮಗ, ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವವನು. ಹುಟ್ಟಾ ಅಂಜುಬುರುಕ. ಅವನ ಎಮ್ಮೆ ಕಳೆದುಹೋದಾಗ ಹೀಗೆ ಬರೆದ: ‘ನಮ್ಮ ಎಮ್ಮಿ ಅಥವಾ ಕೋಣ ನಿನ್ನೆಯಿಂದ ಕಾಣೂದಿಲ್ಲ. ಆಕಿ ಅಥವಾ ಆತ ಸ್ಟೇಶನ್ ಕಡೆ ಹೋಗಿರಬಹುದು. ಬಣ್ಣ ಕಪ್ಪು.’ ನಮ್ಮ ಸಂಬಂಧಿಕರೊಬ್ಬರು ಸ್ಟೇಶನ್ನಿನ ಹಿಂದೆ ಮೇಯುತ್ತಿದ್ದ ಕರೀ ಕೋಣವೊಂದನ್ನು ಹಗ್ಗ ಹಾಕಿ ಎಳೆದುತಂದು ಅವನ ಹಿತ್ತಲಲ್ಲಿ ಕಟ್ಟಿದರು. ಹಿಂದಿನಿಂದಲೇ ಕೋಣದ ಮಾಲೀಕ ಬಡಿಗೆ ಹಿಡಿದು ಬಂದ. ಆ ಗದ್ದಲದ ನಡುವೆ ಎಮ್ಮೆ ತಾನಾಗಿಯೇ ಮನೆಗೆ ಬಂದು, ಕೋಣವನ್ನು ನೋಡಿ, ತನ್ನ ಜಾಗದಲ್ಲಿ ಯಾರೋ ನಿಂತಿದ್ದಾರಲ್ಲ ಎಂದು ಬಾಗಿಲಲ್ಲೇ ನಿಂತಿತಂತೆ. ನಾನು ಫೋನು ಮಾಡಿ, “ಎಮ್ಮಿಗೆ ಎಮ್ಮಿ ಅನ್ನಾಕ ಏನಾಗಿತ್ತೋ ಅಣ್ಣಾ?” ಎಂದು ಕೇಳಿದೆ. “ಹಂಗ ಒಂದ ಕಡೆ ಹೇಳಿದ್ರ ನೀನ ಜಗಳಾ ತಗೀತಿ ಅಂತ ಅಂಜಿಕಿ ಬಂತು ತಂಗಿ” ಅಂದ. ನನಗೆ ನಗು ಬಂತು, ಸಿಟ್ಟೂ ಬಂತು. ನಾನು ಕೇಳಿದ್ದು ಇದಲ್ಲ ಅನ್ನಿಸುತ್ತಿತ್ತು. ಹಾಗಾದರೆ ಏನು ಕೇಳಿದ್ದು ಎಂದರೆ ಅದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಗೊತ್ತು ಮಾಡಿಕೊಟ್ಟವಳು ಕಾಕಿ.

ಮದುವೆಯೊಂದಕ್ಕೆ ಜಂಪರು ಹೊಲಿಯಬೇಕಾಗಿತ್ತು. ಅಳತೆ ತೆಗೆಯಲು ಶಿಗ್ಗಾಂವಿಗೆ ಹೋಗಿದ್ದೆ. ಕಾಕಿ ಕೈ ಅಗಲಿಸಿ ನಿಂತಿದ್ದಳು. ನಾನು ಟೇಪು ಹಿಡಿದು ಭುಜದ ಅಳತೆ ಬರೆದುಕೊಳ್ಳುತ್ತ, ಮೇಲೆ ಯಾರ ಅಳತೆ ಎಂದು ಗುರುತಿಗೆ ‘ಅಬಲೂರಾಕಿ’ ಎಂದು ಬರೆದೆ. ಕಾಕಿಯ ತವರು ಅಬಲೂರು. ನಮ್ಮ ಕಡೆ ಮನೆಗೆ ಬಂದ ಸೊಸೆಯನ್ನು ತವರಿನ ಹೆಸರಿನಿಂದಲೇ ಕರೆಯುತ್ತಾರೆ. ದುಂಡಸಿಯಿಂದ ಬಂದರೆ ದುಂಡಸ್ಯಾಕಿ, ಯಲವಿಗಿಯಿಂದ ಬಂದರೆ ಯಲವಿಗ್ಯಾಕಿ. ಒಂದೇ ಊರಿಂದ ಇಬ್ಬರು ಬಂದರೆ ದೊಡ್ಡಾಕಿ, ಸಣ್ಣಾಕಿ. ಕಾಕಿ ನಾನು ಬರೆದದ್ದನ್ನು ಓದಿದಳು.

“ನನಗೂ ಒಂದ ಹೆಸರ ಐತಿ ಯವ್ವಾ” ಅಂದಳು, ನಗುತ್ತಲೇ.

“ಗೊತ್ತೈತಿ ಕಾಕಿ. ರೂಢಿ ಬಿದ್ದೈತಿ ನೋಡು.”

“ನಿನಗ ಗೊತ್ತೈತಿ. ನಿಮ್ಮ ಕಾಕಾಗ ಗೊತ್ತೈತೋ ಇಲ್ಲೋ ಅಂತ ನನಗ ಸಂಶಯ. ಲಗ್ನ ಆದಾಗಿಂದ ಒಂದ್ ಸಲಾನೂ ನನ್ನ ಹೆಸರ ಹಿಡದ ಕರದಿಲ್ಲ. ‘ಏ’ ಅಂತಾರ, ಇಲ್ಲಾ ಕೆಮ್ಮತಾರ. ಕೆಮ್ಮು ಬಂದ್ರೂ ನಾ ಓಡಿ ಬರ್ತೇನಿ, ಆಮ್ಯಾಲ ಖರೇನ ಕೆಮ್ಮು ಅಂತ ಗೊತ್ತಾಕೈತಿ.” ತೋಳು ಇಳಿಸದೆ ಹಾಗೇ ನಿಂತು ಮುಂದುವರಿಸಿದಳು. “ನಾ ಅವರ ಹೆಸರು ಎಷ್ಟ್ ಕುಬಸದಾಗ, ಎಷ್ಟ್ ಲಗ್ನದಾಗ ಒಡಪು ಕಟ್ಟಿ ಹೇಳೇನಿ. ಅವರ ಬಾಯಿಲೆ ನನ್ನ ಹೆಸರು ಒಂದ್ ಸಲ ಕೇಳಬೇಕವ್ವಾ ಸಾಯೂದ್ರೊಳಗ. ಅಷ್ಟ ಆಸೆ. ಹೆಚ್ಚಿಂದೇನ ಇಲ್ಲ.”

ಒಡಪು ಎಂದರೆ ಗಂಡನ ಹೆಸರನ್ನು ಎರಡು ಸಾಲಿನ ಪ್ರಾಸದೊಳಗೆ ಸುತ್ತಿ ಹೇಳುವುದು. ಹೆಂಗಸು ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು, ಆದರೆ ಕುಬಸ ಎನ್ನುವ ಸೀಮಂತ, ಲಗ್ನ ಇಂಥ ಶುಭಕಾರ್ಯದಲ್ಲಿ ನಾಲ್ಕು ಜನ ಸುತ್ತಗಟ್ಟಿ, ಹೇಳು ಹೇಳು ಎಂದು ಕಾಡಿದಾಗ ಒಡಪಿನಲ್ಲಿ ಹೇಳಬಹುದು. ‘ಬೆಳ್ಳಿ ಬಟ್ಟಲ ತುಂಬ ಕೆನಿಮೊಸರು, ಇಂಥವರ ಹೆಸರು ನನ್ನ ಉಸಿರು’ ಎಂದು ಕಾಕಿ ಹೇಳುವಾಗ ಕಾಕಾ ಗೋಡೆಗೆ ಒರಗಿ ಮೀಸೆಯಡಿ ನಗುತ್ತ ಕೂತಿರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಗಂಡಸರಿಗೆ ಒಡಪು ಇಲ್ಲ. ಅವರನ್ನು ಯಾರೂ ಸುತ್ತಗಟ್ಟುವುದಿಲ್ಲ.

ಕಾಕಿಯ ತೋಳು ನಾನೇ ಕೆಳಗಿಳಿಸಿದೆ. ನಾವು ಎಮ್ಮೆ ಅಥವಾ ಕೋಣ ಎಂದು ಬರೆಯುತ್ತ ಕೂತಿದ್ದೆವು, ಇಲ್ಲಿ ಹೆಂಗಸೊಬ್ಬಳು ತನ್ನ ಹೆಸರನ್ನು ಇನ್ನೊಬ್ಬರ ಬಾಯಿಂದ ಒಮ್ಮೆ ಕೇಳಬೇಕೆಂದು ಕಾಯುತ್ತಿದ್ದಳು.

ಹಾನಗಲ್ಲಿಗೆ ಬರುವ ಬಸ್ಸಿನಲ್ಲಿಯೇ ಗ್ರೂಪಿಗೆ ಹಾಕಿದೆ: ‘ಗ್ರೂಪಿನ್ಯಾಗ ಭೇದ ಇಲ್ಲ ಅಂದಮ್ಯಾಲ ಒಡಪಿನ್ಯಾಗೂ ಇರಬಾರ್ದು. ಬರೂ ರವಿವಾರದೊಳಗ ಲಗ್ನ ಆದ ಎಲ್ಲಾ ಗಂಡಸರು ಹೆಂಡ್ತಿ ಹೆಸರು ಒಡಪಿನ್ಯಾಗ ಹೇಳಿ ವಾಯ್ಸ್ ಮೆಸೇಜ್ ಹಾಕಬೇಕು.’

ಕಾಕಾ ಕೂಡಲೇ ನನ್ನನ್ನು ಗ್ರೂಪಿನಿಂದ ಇಳಿಸಿದರು. ಇನ್ನೊಬ್ಬ ಅಡ್ಮಿನ್ ನನ್ನ ತಮ್ಮ, ಅವನಿಗೆ ನಾನು ಪ್ಯಾಂಟು ಬಿಟ್ಟಿ ಹೊಲಿದುಕೊಡುತ್ತೇನೆ, ಅವನು ಹತ್ತಿಸಿದ. ಕಾಕಾ ಮತ್ತೆ ಇಳಿಸಿದರು, ಅವನು ಮತ್ತೆ ಹತ್ತಿಸಿದ. ಬಸ್ಸು ಹಾನಗಲ್ಲ ಮುಟ್ಟುವುದರೊಳಗೆ ನಾನು ಗ್ರೂಪು ಹತ್ತಿ ಇಳಿದು ಸುಸ್ತಾಗಿದ್ದೆ. ಆಮೇಲೆ ಕಾಕಾ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದಂತೆ ಗ್ರೂಪಿಗೆ ಬೀಗ ಹಾಕಿದರು. ಹೆಂಗಸರು ಸುಮ್ಮನಾಗಲಿಲ್ಲ. ತಮ್ಮ ತಮ್ಮ ಸ್ಟೇಟಸ್ಸಿನಲ್ಲಿ ‘ರವಿವಾರ’ ಎಂದಷ್ಟೇ ಬರೆದು ಹಾಕಿದರು. ಸಂಜೆಗೆ ಬೀಗ ತೆಗೆಯಬೇಕಾಯಿತು.

ಮೊದಲು ಬಂದದ್ದು ಯಲವಿಗಿ ಅಣ್ಣನ ಒಡಪು. ಅಂಜುತ್ತ ಅಂಜುತ್ತ, ಹಿಂದೆ ರೈಲು ಹೋಗುವ ಸದ್ದಿನ ನಡುವೆ ಹೇಳಿದ: “ಸವಣೂರ ಎಲಿಗೆ ಸುಣ್ಣ ಹಚ್ಚಿ ಅಡಕಿ ಇಟ್ಟೆ, ನಮ್ಮಾಕಿ ಹೆಸರು ಹೇಳಾಕ ಹೋಗಿ ನಾಲಿಗಿ ಸುಟ್ಟೆ.” ಹೆಸರೇ ಇರಲಿಲ್ಲ. ಹೆಂಗಸರೆಲ್ಲ ಕೂಡಿ ಮತ್ತೆ ಹೇಳಿಸಿದರು. ಎರಡನೆಯ ಸಲ ಹೆಸರು ಹೇಳಿದ, ಅದು ಸರಿಯಾಗಿ ರೈಲಿನ ಸೀಟಿಯಲ್ಲಿ ಮುಚ್ಚಿಹೋಯಿತು. ಮೂರನೆಯ ಸಲ ಹೊಲಕ್ಕೆ ಹೋಗಿ ಹೇಳಿ ಪಾರಾದ.

ಹಾನಗಲ್ಲಿನ ನಮ್ಮ ಅಣ್ಣ ಹೇಳಿದ: “ಮಾವಿನಕಾಯಿ ಹುಳಿ, ಬೆಲ್ಲ ಹಾಕಿದ್ರ ಸಿಹಿ, ನಮ್ಮಾಕಿ ಇಂಥಾಕಿ ಮಾಡಿದ ಚಹಾ ಮಾತ್ರ ಕಹಿ.” ಇಂಥಾಕಿ ಎಂಬಲ್ಲಿ ವೈನಿಯ ಹೆಸರಿತ್ತು, ನಾನು ಇಲ್ಲಿ ಬರೆಯುತ್ತಿಲ್ಲ. ವೈನಿ ನಗುತ್ತ ಕೇಳಿದಳು, ಮೆಚ್ಚಿದಳು, ಮರುದಿನದಿಂದ ಅವನಿಗೆ ಚಹಾ ಮಾಡುವುದು ಬಿಟ್ಟಳು. ಅವನು ಈಗಲೂ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾನೆ.

ದುಂಡಸಿಗೆ ನಮ್ಮ ಮನೆತನದ ಹೆಣ್ಣು ಕೊಟ್ಟಿದೆ, ಆ ಅಳಿಯನದು ಬೇರೆಯೇ ಕಥೆ. ಅವನು ಜನ್ಮದಲ್ಲಿ ತಾನಾಗಿ ಏನನ್ನೂ ಬರೆದವನಲ್ಲ. ಹುಟ್ಟುಹಬ್ಬದ ಶುಭಾಶಯ, ಸತ್ತವರಿಗೆ ಶ್ರದ್ಧಾಂಜಲಿ, ಎಲ್ಲವೂ ಫಾರ್ವರ್ಡು. ಒಡಪನ್ನೂ ಅದೇ ರೀತಿ, ಹಾನಗಲ್ಲ ಅಣ್ಣನ ವಾಯ್ಸ್ ಮೆಸೇಜನ್ನೇ ಮತ್ತೆ ಕಳಿಸಿ, ಕೆಳಗೆ ‘ನಂದೂ ಇದ’ ಎಂದು ಬರೆದ. ಅಂದರೆ ನಮ್ಮ ವೈನಿ ತನ್ನ ಹೆಂಡತಿಯೆಂದು ನಾಲ್ಕು ತಾಲೂಕಿಗೆ ಸಾರಿದ ಹಾಗಾಯಿತು. ಅವನ ಹೆಂಡತಿ ತವರಿಗೆ ಹೋದಳು. ಅಣ್ಣ ದುಂಡಸಿಗೆ ಹೋದ. ಇಬ್ಬರೂ ಕೊರಳಪಟ್ಟಿ ಹಿಡಿದುಕೊಂಡ ಮೇಲೆ ಅಳಿಯ, “ಮಾವಾರ, ನನ್ನ ಹೇಂತಿ ಚಹಾನೂ ಕಹಿನ ಇರತೈತ್ರಿ, ಅದಕ್ಕ ಹೊಂದತೈತಿ ಅಂತ ಕಳಿಸಿದ್ನಿ” ಎಂದು ಅತ್ತನಂತೆ. ಅದನ್ನು ಕೇಳಿ ಅವನ ಹೆಂಡತಿ ತವರಿನಲ್ಲಿ ಇನ್ನೂ ಸ್ವಲ್ಪ ದಿನ ಉಳಿದಳು.

ಶನಿವಾರದ ಹೊತ್ತಿಗೆ ಉಳಿದವರು ಕಾಕಾ ಒಬ್ಬರೇ. ಸೋತು ಹೇಳಿದವರೆಲ್ಲ ಈಗ ಅವರ ಬೆನ್ನು ಹತ್ತಿದರು. ತಮ್ಮ ಬಾಲ ಕೊಯ್ದ ಮೇಲೆ ಇನ್ನೊಬ್ಬರಿಗೆ ಬಾಲ ಇರುವುದನ್ನು ಯಾರು ಸಹಿಸುತ್ತಾರೆ? ಕಾಕಾ ವಾದಕ್ಕೆ ನಿಂತರು. ಗಂಡನ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ, ಹಾಗಾದರೆ ಹೆಂಡತಿಯ ಹೆಸರು ಹೇಳಿದರೆ ಹೆಂಡತಿಯ ಆಯುಷ್ಯ ಕಡಿಮೆಯಾಗಬೇಕು, ಇಷ್ಟು ವರ್ಷ ತಾವು ಆಕೆಯ ಜೀವ ಉಳಿಸಿಕೊಂಡು ಬಂದಿದ್ದೇವೆ ಅಂದರು. ಅದು ನಡೆಯಲಿಲ್ಲ. ಕೊನೆಗೆ ನನಗೆ ಫೋನು ಮಾಡಿದರು.

“ಅಲ್ಲವ್ವಾ, ನಾ ಕಂಡಕ್ಟರ್ ಇದ್ದಾಗ ನನ್ನ ಬಸ್ ಅಬಲೂರ ಮ್ಯಾಲ ಹೋಗ್ತಿತ್ತು. ದಿನಾ ಸ್ಟ್ಯಾಂಡಿನ್ಯಾಗ ನಿಂತು ‘ಅಬಲೂರ, ಅಬಲೂರ’ ಅಂತ ಗಂಟಲು ಹರಕೊಂಡೇನಿ. ಮನ್ಯಾಗ ಆಕಿನ್ನ ಎಲ್ಲಾರೂ ಅಬಲೂರಾಕಿ ಅಂತಾರ. ಅದು ಆಕಿನ್ನ ಕರದಂಗ ಅಲ್ಲೇನ?”

“ಬಸ್ಸಿನ್ಯಾಗ ಕುಂತ ಮಂದಿನೂ ಓ ಅಂತಿದ್ರೇನ್ರಿ ಕಾಕಾ?”

“ನಿನ್ನ ಬಾಯಿಗೆ ಯಾವ ಹೊಲಿಗಿ ಹಾಕಬೇಕೋ” ಎಂದು ಫೋನು ಇಟ್ಟರು.

ರವಿವಾರ ಮಧ್ಯಾಹ್ನ ಕಾಕಾನ ವಾಯ್ಸ್ ಮೆಸೇಜ್ ಬಂತು. ನಾನು ಮಷಿನ್ ನಿಲ್ಲಿಸಿ ಕಿವಿಗೆ ಹಚ್ಚಿಕೊಂಡೆ. ಮೊದಲು ಕೆಮ್ಮು. ಆಮೇಲೆ ಗಾಳಿ. ಮಾಳಿಗೆ ಏರಿ ಹೇಳಿದ್ದಿರಬೇಕು. ಆಮೇಲೆ ಅವರ ದನಿ:

“ರೈಟ್ ಅಂದ್ರ ಬಸ್ ಹೊಂಡತೈತಿ, ಹೋಲ್ಡಾನ್ ಅಂದ್ರ ನಿಲ್ಲತೈತಿ. ಇಂಥಾಕಿ ಇಲ್ಲದ ಮನಿ, ಡಿಪೋದಾಗಿನ ಗಾಡಿ ಆಗತೈತಿ.”

ಇಂಥಾಕಿ ಎಂಬ ಜಾಗದಲ್ಲಿ ಕಾಕಿಯ ಹೆಸರಿತ್ತು. ಸರಿಯಾದ ಹೆಸರು, ಪೂರ್ತಿ ಹೆಸರು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಗ್ರೂಪಿನಲ್ಲಿ ಜಾತ್ರೆಯೇ ನೆರೆಯಿತು. ಹೂವು, ಚಪ್ಪಾಳೆ, ಕೈಮುಗಿದದ್ದು. ಯಲವಿಗಿ ಅಣ್ಣ ‘ಕಾಕಾ ಅಥವಾ ಕಾಕಿಗೆ ಜಯವಾಗಲಿ’ ಎಂದು ಹಾಕಿದ. ದುಂಡಸಿಯ ಅಳಿಯ ಇದನ್ನೂ ಫಾರ್ವರ್ಡು ಮಾಡುವವನಿದ್ದ, ಅಷ್ಟರಲ್ಲಿ ಕಾಕಾ ಆ ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸಿಬಿಟ್ಟರು.

ನಾನು ಸಂಜೆಯವರೆಗೆ ಖುಷಿಯಲ್ಲಿದ್ದೆ. ಸಂಜೆ ದೀಪ ಹಚ್ಚುವಾಗ ಒಮ್ಮೆಲೇ ಹೊಳೆಯಿತು. ಕಾಕಿಯ ಹತ್ತಿರ ಫೋನಿಲ್ಲ. ಕಾಕಿ ಗ್ರೂಪಿನಲ್ಲೇ ಇಲ್ಲ. ಆಕೆಗೆ ಏನು ಹೇಳುವುದಿದ್ದರೂ ಎಲ್ಲರೂ ಕಾಕಾನ ನಂಬರಿಗೇ ಮಾಡುತ್ತೇವೆ. ‘ಎಲ್ಲಾರೂ’ ಎಂದು ಹೆಸರಿಟ್ಟು ಹೆಮ್ಮೆಪಟ್ಟ ಗ್ರೂಪಿನಲ್ಲಿ ಆಕೆ ಇಲ್ಲ ಎಂಬುದನ್ನು ನಮ್ಮಲ್ಲಿ ಒಬ್ಬರೂ, ಬಾಯಿ ಜೋರಿರುವ ನಾನೂ, ಗಮನಿಸಿರಲಿಲ್ಲ.

ಮರುದಿನ ಅಂಗಡಿ ಬಾಗಿಲು ತೆಗೆಯದೆ ಶಿಗ್ಗಾಂವಿ ಬಸ್ಸು ಹತ್ತಿದೆ. ಕಾಕಾ ಪಡಸಾಲೆಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು, ನನ್ನನ್ನು ನೋಡಿ ಪೇಪರನ್ನು ಇನ್ನಷ್ಟು ಮೇಲೆತ್ತಿದರು. ನಾನು ನೇರ ಅಡುಗೆಮನೆಗೆ ಹೋದೆ. ಕಾಕಿ ರೊಟ್ಟಿ ಬಡಿಯುತ್ತಿದ್ದಳು.

“ಬಾ ಯವ್ವಾ. ನೀವೆಲ್ಲಾ ಕೇಳೀರಂತಲ್ಲ?” ಅಂದಳು.

“ನೀ ಕೇಳಿಲ್ಲೇನ ಕಾಕಿ?”

“ನಾ ಹೆಂಗ ಕೇಳ್ಲಿ? ಫೋನು ಅವರ ಕಿಸೆದಾಗ ಇರತೈತಿ. ಬಾಜೂಮನಿಯಾಕಿ ತನ್ನ ತಂಗಿ ಕಡಿಂದ ಕೇಳಿ ಬಂದು ಹೇಳಿದ್ಲು, ನಿನ್ನ ಗಂಡ ನಿನ್ನ ಹೆಸರ ಹೇಳ್ಯಾನಂತ.” ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹೆಂಗ ಹೇಳಿದ್ರು? ಸಿಟ್ಟಿಲೆ ಹೇಳಿದ್ರೋ, ಚಂದಂಗ ಹೇಳಿದ್ರೋ?”

ಫೋನು ತೆಗೆದೆ. ಅಲ್ಲಿ, ಈ ಸಂದೇಶವನ್ನು ಅಳಿಸಲಾಗಿದೆ ಎಂಬುದಷ್ಟೇ ಇತ್ತು. ನನಗೆ ಒಡಪು ಬಾಯಿಪಾಠವಾಗಿತ್ತು, ನಾನೇ ಹೇಳುತ್ತೇನೆ ಎಂದು ಬಾಯಿ ತೆರೆದೆ. ಕಾಕಿ ಹಿಟ್ಟಿನ ಕೈ ಎತ್ತಿ ಬೇಡವೆಂದಳು.

“ನಿನ್ನ ಬಾಯಿಲೆ ಬ್ಯಾಡ. ನಿನ್ನ ಬಾಯಿಲೆ ಕೇಳೂದಿದ್ರ ಯಾವಾಗರ ಕೇಳ್ತಿದ್ದೆ.”

ಹೊರಗೆ ಬಂದು ಕಾಕಾನ ಕೈಯಿಂದ ಪೇಪರು ಕಸಿದುಕೊಂಡೆ. “ಏನ್ರಿ ಕಾಕಾ ಇದು? ನಾಕ ತಾಲೂಕ ಕೇಳೈತಿ, ಯಾರಿಗೆ ಬೇಕಾಗಿತ್ತೋ ಆಕಿಗೆ ಕೇಳಿಲ್ಲ!”

“ಗ್ರೂಪಿನ್ಯಾಗ ಹಾಕು ಅಂದಾಕಿ ನೀನ. ಹಾಕೇನಿ.”

ಅದು ನಿಜವಾಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. “ಹಾಕಿ ಅಳಿಸಿದ್ಯಾಕ ಮತ್ತ?”

ಕಾಕಾ ಚಷ್ಮಾ ತೆಗೆದು ಟವೆಲ್ಲಿನಿಂದ ಒರೆಸಿದರು. “ಎಲ್ಲಾರೂ ಮತ್ತ ಮತ್ತ ಹಚ್ಚಿ ಕೇಳಾಕತ್ತಿದ್ರಂತ. ಆಕಿ ಹೆಸರು ಮಂದಿ ಫೋನಿನ್ಯಾಗ ಯಾಕ ಇರಬೇಕು? ನನಗ ಸೇರಲಿಲ್ಲ.” ದನಿ ಇಳಿಸಿ ಅಂದರು, “ಮಾಳಗಿ ಮ್ಯಾಲ ನಿಂತು ಹೇಳೂದು ಸಸಾರ ಯವ್ವಾ. ಆಕಿ ಮುಂದ ನಿಂತ್ರ ಬಾಯಿ ಒಣಗತೈತಿ. ಹುಡುಗ ಇದ್ದಾಗ ಹೇಳಬೇಕಿತ್ತು. ಆವಾಗ ಅವ್ವ ಅಪ್ಪ ಇದ್ರು, ನಾಚಿಕಿ. ಆಮ್ಯಾಲ ಮಕ್ಕಳು ಆದ್ವು. ಆಮ್ಯಾಲ ರೂಢಿ ತಪ್ಪಿತು.”

ನಾನು ಪೇಪರು ತಿರುಗಿ ಕೊಡಲಿಲ್ಲ. ಅವರ ಎದುರಿಗೆ ಹಾಗೇ ಕುಳಿತುಕೊಂಡೆ.

ಕಾಕಾ ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಕೆಮ್ಮು ಬಂದದ್ದನ್ನು ನುಂಗಿಕೊಂಡು, ಕಾಕಿಯ ಹೆಸರು ಹಿಡಿದು ಕರೆದರು. ಪ್ರಾಸವಿಲ್ಲ, ಬಸ್ಸಿಲ್ಲ, ಬರೀ ಹೆಸರು. ಸ್ಟ್ಯಾಂಡಿನಲ್ಲಿ ಊರು ಕೂಗಿದ ಗಂಟಲು ಅದೇ ಎಂದು ನಂಬಲಾಗದಷ್ಟು ಸಣ್ಣ ದನಿ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾಕಿ ಕೈ ಒರೆಸಿಕೊಳ್ಳುತ್ತ ಹೊರಬಂದಳು. ನಮ್ಮಿಬ್ಬರನ್ನೂ ದಾಟಿ ತಲೆಬಾಗಿಲಿಗೆ ಹೋಗಿ, ಓಣಿಯ ಆ ಕಡೆ ಈ ಕಡೆ ನೋಡಿದಳು.

“ಯಾರ ಬಂದಾರ್ರಿ? ಹೊರಗ ಯಾಕ ನಿಂದ್ರಿಸೀರಿ, ಒಳಗ ಕರೀರಿ ಆಕಿನ್ನ. ಚಹಾ ಇಡ್ತೇನಿ” ಅಂದಳು.

ಕಾಕಾ ತಲೆ ತಗ್ಗಿಸಿದರು. ಅಷ್ಟು ದಿನ ನಕ್ಕ ನನಗೆ ಆಗ ನಗು ಬರಲಿಲ್ಲ.

“ಕಾಕಿ, ಯಾರೂ ಬಂದಿಲ್ಲ. ಕಾಕಾ ನಿನ್ನ ಕರದ್ರು.”

ಕಾಕಿ ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು ನಿಂತಳು. ಇನ್ನೊಮ್ಮೆ ಓಣಿಯ ಕಡೆ ನೋಡಿದಳು. ಆಮೇಲೆ ಕಾಕಾನ ಕಡೆ ತಿರುಗಿ, “ಹೌದ? ನನಗ ಗೊತ್ತ ಆಗಲಿಲ್ಲ ನೋಡ್ರಿ” ಅಂದಳು. ಸೆರಗು ಸರಿಮಾಡಿಕೊಂಡಳು. “ಇನ್ನೊಂದ್ ಸಲ ಕರೀರಿ. ಈ ಸಲ ಓ ಅಂತೇನಿ.” ಹಾಗೆಂದು, ಕರೆಯಲಿಕ್ಕೆ ಅನುಕೂಲವಾಗಲಿ ಎಂಬಂತೆ, ಮತ್ತೆ ಅಡುಗೆಮನೆಯೊಳಗೆ ಹೋದಳು.

ಕಾಕಾ ನನ್ನ ಮುಖ ನೋಡಿದರು. “ನೀ ಹೊರಗ ಹೋಗು” ಅಂದರು.

ನಾನು ಹೋಗಿ ಕಟ್ಟೆಯ ಮೇಲೆ ಕುಳಿತೆ. ಓಣಿಯಲ್ಲಿ ಗಾಡಿಯವನೊಬ್ಬ ಉಳ್ಳಾಗಡ್ಡಿ ಕೂಗುತ್ತ ಹೋಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಕಾಕಿ “ಓ” ಅಂದದ್ದು ಕೇಳಿಸಿತು. ಹೆಸರು ನನಗೆ ಕೇಳಿಸಲಿಲ್ಲ.